ಫೀಸು ಎಷ್ಟು ಅಂತ ಆಮೇಲೆ ಕೇಳಿ, ಯಾವಾಗ ಅಂತ ಮೊದಲು ಕೇಳಿ



ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಬಳ್ಳಾರಿಯ ಗೋಡೆಗಳ ಬಣ್ಣ ಬದಲಾಗುತ್ತೆ. ರಾಯಲ್ ಸರ್ಕಲ್‌ನಿಂದ ಮೋತಿ ಸರ್ಕಲ್‌ವರೆಗೆ ಫ್ಲೆಕ್ಸುಗಳು. ಕೋಟು ಟೈ ಹಾಕಿದ ಹುಡುಗ, ಲ್ಯಾಪ್‌ಟಾಪ್ ಹಿಡಿದ ಹುಡುಗಿ, ದಪ್ಪಕ್ಷರದಲ್ಲಿ ‘ಬಿ.ಕಾಂ., ಬಿಬಿಎ, ಎಂಬಿಎ ಪ್ರವೇಶ ಆರಂಭ’. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ಎಸ್‌ಸಿ/ಎಸ್‌ಟಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಸೌಲಭ್ಯವಿದೆ’.

ಆ ಸಣ್ಣಕ್ಷರದ ಸಾಲಿನ ಬಗ್ಗೆ ಈ ಪೋಸ್ಟ್. ಉದ್ದ ಆಗುತ್ತೆ, ಗೊತ್ತು. ನಿಮ್ಮ ಮನೇಲಿ, ನಿಮ್ಮ ಓಣೀಲಿ ಪಿಯುಸಿ ಮುಗಿಸಿದ ಒಂದು ಮಗು ಇದ್ರೂ ಪೂರ್ತಿ ಓದಿ. ಓದಿ ಲೈಕ್ ಒತ್ತಿ ಮುಂದೆ ಹೋಗಬೇಡಿ, ಆ ಮಗುವಿನ ಮನೆಗೆ ಹೋಗಿ ಹೇಳಿ.

ಮೊದಲನೇ ಮಾತು. ಆ ಸೌಲಭ್ಯ ಆ ಕಾಲೇಜಿನವರು ಕೊಡ್ತಿರೋದಲ್ಲ. ಅದು ಸರ್ಕಾರದ ದುಡ್ಡು, ಅಂದ್ರೆ ನಮ್ಮ ದುಡ್ಡು. ನಮ್ಮ ದುಡ್ಡನ್ನ ತಮ್ಮ ಫ್ಲೆಕ್ಸಿನಲ್ಲಿ ತಮ್ಮ ದಾನ ಅನ್ನೋ ಹಾಗೆ ಬರಕೊಂಡಿದ್ದಾರೆ.

ಎರಡನೇ ಮಾತು ಹೇಳೋಕೆ ಮುಂಚೆ ನನ್ನ ತಪ್ಪು ಒಪ್ಕೋಬೇಕು.

ಕೆಲವು ವರ್ಷದ ಹಿಂದೆ ಕುರುಗೋಡು ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ಅಪ್ಪನ ಜೊತೆ ನನ್ನ ಹತ್ರ ಬಂದಳು. ಪಿಯು ಕಾಮರ್ಸ್‌ನಲ್ಲಿ ಫಸ್ಟ್ ಕ್ಲಾಸ್. ‘ಅಣ್ಣಾ, ಬಿಬಿಎ ಮಾಡ್ಬೇಕಂತೀನಿ. ಯಾವ ಕಾಲೇಜು ಚೊಲೋ ಐತಿ?’ ಅಂದಳು. ನಾನು ಸಂಘಟನೆಯವನು, ಆಫೀಸಿನಲ್ಲಿ ಗುಮಾಸ್ತ, ನಾಲ್ಕು ಜನಕ್ಕೆ ಅರ್ಜಿ ಬರಕೊಡೋನು. ಎಲ್ಲಾ ಗೊತ್ತು ಅನ್ನೋ ಹಮ್ಮಿತ್ತು. ನಾಲ್ಕು ಕಾಲೇಜಿನ ಫೀಸು ಕೇಳಿದೆ, ಒಂದು ಹಾಳೆ ಮೇಲೆ ಬರೆದೆ, ಖಾಸಗಿಯವುಗಳಲ್ಲಿ ಕಡಿಮೆ ಇದ್ದ ಒಂದನ್ನ ತೋರಿಸಿದೆ. ‘ಸ್ಕಾಲರ್‌ಶಿಪ್ ಬರ್ತದವ್ವಾ, ಚಿಂತಿ ಮಾಡಬ್ಯಾಡ, ಸೇರ್ಕೋ’ ಅಂದೆ.

ಮೊದಲನೇ ವರ್ಷ ಹೆಂಗೋ ಕಳೀತು. ಅಪ್ಪ ಸಾಲ ತಂದು ಕಟ್ಟಿದ. ಎರಡನೇ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಸ್ಥಿತಿ ನೋಡಿದಾಗೆಲ್ಲ ‘ಪರಿಶೀಲನೆಯಲ್ಲಿದೆ’ ಅಂತಲೇ ಬರೋದು. ಪರೀಕ್ಷೆ ಬಂತು. ಬಾಕಿ ಕಟ್ಟೋವರೆಗೆ ಹಾಲ್ ಟಿಕೆಟ್ ಇಲ್ಲ ಅಂದ್ರು. ಅಪ್ಪನ ಹತ್ರ ಹಳೇ ಸಾಲವೇ ಉಳಿದಿತ್ತು. ಹುಡುಗಿ ನನಗೆ ಫೋನ್ ಮಾಡಿದ್ಲು, ನಾನು ಅವತ್ತು ಯಾವುದೋ ಮೆರವಣಿಗೆಯಲ್ಲಿದ್ದೆ, ಎತ್ತಲಿಲ್ಲ. ಸಂಜೆ ವಾಪಸ್ ಮಾಡಿದಾಗ ‘ಇರ್ಲಿ ಬಿಡಣ್ಣಾ’ ಅಂದಳು. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಕೆಲಸಕ್ಕೆ ಬರ್ತಾಳೆ. ಓದು ಬಿಟ್ಟ ಎಷ್ಟೋ ತಿಂಗಳ ಮೇಲೆ ಆ ವರ್ಷದ ಸ್ಕಾಲರ್‌ಶಿಪ್ ಅವಳ ಖಾತೆಗೆ ಬಂದು ಬಿತ್ತು.

ದುಡ್ಡು ಬಂತು, ಹುಡುಗಿ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವಳು ‘ಫಲಾನುಭವಿ’. ಕಾಲೇಜಿನ ಲೆಕ್ಕದಲ್ಲಿ ‘ಬಾಕಿದಾರಳು’. ನನ್ನ ಲೆಕ್ಕದಲ್ಲಿ ನಾನು ಕೆಡಿಸಿದ ಒಂದು ಜೀವ.

ನಾನು ಫೀಸು ಎಷ್ಟು ಅಂತ ಕೇಳಿದ್ದೆ. ಯಾವಾಗ ಕೇಳ್ತೀರಿ ಅಂತ ಕೇಳಿರಲಿಲ್ಲ. ಇದೇ ನನ್ನ ಎರಡನೇ ಮಾತು. ನಮ್ಮ ಮಕ್ಕಳ ಮಟ್ಟಿಗೆ ಅಗ್ಗದ ಕಾಲೇಜು ಅಂದ್ರೆ ಸ್ಕಾಲರ್‌ಶಿಪ್ ಬರೋವರೆಗೆ ಕಾಯೋ ಕಾಲೇಜು. ಹತ್ತು ಸಾವಿರದ ಫೀಸನ್ನ ಜೂನ್‌ನಲ್ಲೇ ಕೈಯಲ್ಲಿ ಇಡು ಅನ್ನೋ ಕಾಲೇಜು, ಇಪ್ಪತ್ತು ಸಾವಿರಕ್ಕೆ ಮಾರ್ಚ್‌ವರೆಗೆ ಕಾಯೋ ಕಾಲೇಜಿಗಿಂತ ನಮಗೆ ದುಬಾರಿ.

ಯಾಕೆ ಅಂತೀರಾ? ಸಿರುಗುಪ್ಪ, ಕುರುಗೋಡು ಕಡೆಯ ಕೂಲಿಯವರ ಕೈಯಲ್ಲಿ ಯಾವ ತಿಂಗಳು ದುಡ್ಡಿರುತ್ತೆ ಅಂತ ಯಾವ ಪ್ರಿನ್ಸಿಪಾಲರಾದರೂ ಒಮ್ಮೆ ಯೋಚಿಸಿದ್ದಾರಾ? ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ. ನಾಟಿ ಶುರುವಾದ ಮೇಲೆ ಕೂಲಿ. ಕೊಯ್ಲಿನಲ್ಲಿ ಇನ್ನೊಂದಿಷ್ಟು ಕೂಲಿ. ಮೇ, ಜೂನ್ ಅಂದ್ರೆ ಮನೇಲಿ ಖಾಲಿ ಡಬ್ಬಿ. ಕಾಲೇಜಿನವರು ಕೈ ಚಾಚೋದು ಸರಿಯಾಗಿ ಆ ಖಾಲಿ ಡಬ್ಬಿಯ ತಿಂಗಳಲ್ಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎಲ್ಲರೂ ರೈತರ ಬೆಳೆ ಬಗ್ಗೆ ಮಾತಾಡಿದ್ರು, ಮಾತಾಡಬೇಕಾದ್ದೇ. ಆದ್ರೆ ಹೊಲ ಇಲ್ಲದೆ ಆ ಹೊಲದ ಕೂಲಿಯಲ್ಲೇ ಮಗನ ಫೀಸು ಕಟ್ಟೋ ನಮ್ಮ ತಾಯಂದಿರ ಎದೆಯಲ್ಲಿ ಏನಾಯ್ತು ಅಂತ ಯಾವ ಟಿವಿಯವನೂ ಕೇಳಲಿಲ್ಲ.

ಈಗ ಗುಮಾಸ್ತನ ಲೆಕ್ಕ ಒಂದು ಹೇಳ್ತೀನಿ. ಇತ್ತೀಚೆಗೆ ಸಿರುಗುಪ್ಪ ಕಡೆಯ ಒಬ್ಬ ತಾಯಿ ಮಗನನ್ನ ಕರಕೊಂಡು ಬಂದಿದ್ರು. ಯಾವನೋ ಅಡ್ಮಿಷನ್ ಏಜೆಂಟ್ ಮನೆ ಬಾಗಿಲಿಗೇ ಬಂದಿದ್ದನಂತೆ. ‘ನೀವು ಎಸ್‌ಸಿ ಅಲ್ವಾ, ನಿಮಗೆಲ್ಲಾ ಫ್ರೀ. ಈಗ 45 ಸಾವಿರ ಕಟ್ರಿ, ಆಮೇಲೆ ಅಷ್ಟೂ ವಾಪಸ್ ಬರ್ತದೆ’ ಅಂದಿದ್ದ. ಐದು ಸಾವಿರ ಅಡ್ವಾನ್ಸ್ ಇಸ್ಕೊಂಡಿದ್ದ, ರಸೀದಿ ಇಲ್ಲ. ಹುಡುಗನ ಒರಿಜಿನಲ್ ಮಾರ್ಕ್ಸ್ ಕಾರ್ಡೂ ಒಯ್ದಿದ್ದ. ಉಳಿದ 40 ಸಾವಿರಕ್ಕೆ ತಾಯಿ ಬಡ್ಡಿ ಸಾಲ ಮಾತಾಡಿಬಿಟ್ಟಿದ್ರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಅಡ್ವಾನ್ಸಿನ ಐದು ಸಾವಿರವೂ ಅಂಥದ್ದೇ ಸಾಲ.

‘ಯಕ್ಕಾ, ಫ್ರೀ ಅಂದ್ರೆ ಎಷ್ಟಾತು ಲೆಕ್ಕಾ ಮಾಡೋಣು ಬಾ’ ಅಂತ ಕೂರಿಸ್ಕೊಂಡೆ. 45 ಸಾವಿರಕ್ಕೆ ತಿಂಗಳ ಬಡ್ಡಿ 1,350. ಸ್ಕಾಲರ್‌ಶಿಪ್ ಹತ್ತು ತಿಂಗಳು ತಡವಾದ್ರೆ 13,500. ಅಸಲು ಹಾಗೇ ಇರುತ್ತೆ. ಫೀಸಿನ ದುಡ್ಡು ಪೂರ್ತಿ ವಾಪಸ್ ಬಂದ್ರೂ ಬಡ್ಡಿಯನ್ನ ಯಾವ ಸರ್ಕಾರ ಕೊಡುತ್ತೆ? ಕೇಂದ್ರದ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ಮನೆಯಿಂದ ಓಡಾಡಿ ಬಿ.ಕಾಂ. ಓದೋ ಎಸ್‌ಸಿ ಮಗುವಿಗೆ ಫೀಸು ಬಿಟ್ಟು ಖರ್ಚಿಗೆ ಅಂತ ಕೊಡೋದು ವರ್ಷಕ್ಕೆ 3,000. ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾಕ್ಕೂ ಸಾಲಲ್ಲ. ಹತ್ತು ತಿಂಗಳ ಬಡ್ಡಿ 13,500, ವರ್ಷದ ಭತ್ಯೆ 3,000. ‘ಎಲ್ಲಾ ಫ್ರೀ’ ಅಂದ್ರೆ ಇಷ್ಟು.

ಆ ತಾಯಿ ಸುಮ್ಮನೆ ಕೂತ್ರು. ಆಮೇಲೆ ‘ಹಂಗಾರ ನಾ ಸಾಲ ಮಾಡಿ ಅವರ ಕಾಲೇಜು ನಡಸ್ಬೇಕೇನಣ್ಣಾ?’ ಅಂದ್ರು. ನನ್ನ ಪೋಸ್ಟ್ ಪೂರ್ತಿ ಈ ಒಂದು ಮಾತಿನಲ್ಲಿದೆ. ಸರ್ಕಾರ ತಡ ಮಾಡಿದ ದುಡ್ಡಿನ ಬಡ್ಡಿಯನ್ನ ಹೊಲದಲ್ಲಿ ಬಗ್ಗಿ ನಾಟಿ ಮಾಡೋ ಹೆಣ್ಣುಮಗಳು ಕಟ್ಟಬೇಕು.

ತಡ ಯಾಕಾಗುತ್ತೆ ಅಂತನೂ ತಿಳ್ಕೊಳ್ಳಿ, ಇಲ್ಲಾಂದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಾಗಲ್ಲ. ಎಸ್‌ಸಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ನಲ್ಲಿ ಈಗ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಕೇಂದ್ರ ಸಂಪುಟ ಇದನ್ನ 2020ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿ, ಐದು ವರ್ಷಕ್ಕೆ ಒಟ್ಟು 59,048 ಕೋಟಿ ಅಂತ ಘೋಷಿಸ್ತು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನ ಪಾಲನ್ನ ನೇರ ವಿದ್ಯಾರ್ಥಿ ಖಾತೆಗೆ ಹಾಕುತ್ತೆ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರು ಎಸ್‌ಎಸ್‌ಪಿಯಲ್ಲಿ ಹೊಂದಬೇಕು. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಕಾಲೇಜಿನವರು ಅರ್ಜಿ ದೃಢೀಕರಿಸಬೇಕು. ಒಂದು ಕಡೆ ಸಿಕ್ಕಿಬಿದ್ದರೆ ಎಲ್ಲಾ ನಿಲ್ಲುತ್ತೆ. ನಾನು ದಿನಾ ಫೈಲು ನೋಡೋನು. ಫೈಲು ತಾನಾಗೇ ನಡೆಯಲ್ಲ, ಯಾರೋ ಕೇಳಿದ್ರೆ ನಡೆಯುತ್ತೆ. ನಮ್ಮ ಮಕ್ಕಳ ಫೈಲನ್ನ ಯಾರು ಕೇಳ್ತಾರೆ?

ಇನ್ನೊಂದು ವಿಷಯ ಕಾಲೇಜಿನವರು ಹೇಳಲ್ಲ. ಇದೇ ಯೋಜನೆಯ ಕೇಂದ್ರ ಮಾರ್ಗಸೂಚಿಯಲ್ಲಿ ‘ಫ್ರೀಶಿಪ್ ಕಾರ್ಡ್’ ಅಂತ ಒಂದು ವ್ಯವಸ್ಥೆ ಇದೆ. ಅರ್ಹ ಎಸ್‌ಸಿ ವಿದ್ಯಾರ್ಥಿ ಆ ಕಾರ್ಡ್ ತೋರಿಸಿ ಮುಂಗಡ ಫೀಸು ಕಟ್ಟದೆ ಸೇರಬಹುದು, ಸ್ಕಾಲರ್‌ಶಿಪ್ ಖಾತೆಗೆ ಬಂದ ಮೇಲೆ ಕಟ್ಟಬೇಕು. ಅಂದ್ರೆ ಕುರುಗೋಡಿನ ಆ ಹುಡುಗಿಗೆ ಏನು ಬೇಕಿತ್ತೋ ಅದು ಕಾಗದದ ಮೇಲೆ ಇತ್ತು. ನಾನು ಈ ಮಾತನ್ನ ಖಾಸಗಿ ಕಾಲೇಜಿನ ಕೌಂಟರುಗಳಲ್ಲಿ ಕೇಳಿದೆ. ‘ಅದೇನ್ರಿ ಅದು?’ ಅಂತ ನನ್ನನ್ನೇ ವಾಪಸ್ ಕೇಳಿದ್ರು. ಫ್ಲೆಕ್ಸಿನ ಮೇಲೆ ಸ್ಕಾಲರ್‌ಶಿಪ್ ಅಂತ ಅಚ್ಚು ಹಾಕಿಸೋಕೆ ಗೊತ್ತು, ಫ್ರೀಶಿಪ್ ಕಾರ್ಡ್ ಅಂದ್ರೆ ಗೊತ್ತಿಲ್ಲ.

ಇದು ಬಳ್ಳಾರಿಯ ಕಥೆ ಮಾತ್ರ ಅಲ್ಲ. 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಲಿತ ಹುಡುಗ ಅತುಲ್ ಕುಮಾರ್‌ಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಅಪ್ಪ ದಿನಗೂಲಿ. 17,500 ರೂಪಾಯಿಯನ್ನ ಗಡುವಿನೊಳಗೆ ಕಟ್ಟೋಕಾಗದೆ ಸೀಟು ಹೋಯ್ತು. ಸುಪ್ರೀಂ ಕೋರ್ಟ್ ಆ ವರ್ಷ ಸೆಪ್ಟೆಂಬರ್ 30ರಂದು ತನ್ನ 142ನೇ ವಿಧಿಯ ಅಧಿಕಾರ ಬಳಸಿ ಸೀಟು ವಾಪಸ್ ಕೊಡಿಸಿತು. ಗಮನಿಸಿ, ಆ ಹುಡುಗನನ್ನ ತಡೆದದ್ದು ಬುದ್ಧಿ ಅಲ್ಲ, ಮೊತ್ತವೂ ಅಲ್ಲ, ಗಡುವು. ಸುಪ್ರೀಂ ಕೋರ್ಟ್‌ವರೆಗೆ ಹೋಗೋಕೆ ಆದವನ ಹೆಸರು ನಮಗೆ ಗೊತ್ತಾಯ್ತು. ಸಿರುಗುಪ್ಪ ಬಸ್ ಹತ್ತಿ ವಾಪಸ್ ಹೋದವರ ಹೆಸರು ಯಾರಿಗೆ ಗೊತ್ತು?

ಈಗ ನಮ್ಮವರೇ ಕೆಲವರು ಕೇಳೋ ಪ್ರಶ್ನೆಗೆ ಬರ್ತೀನಿ. ‘ನಮ್ಮ ಮಕ್ಕಳಿಗೆ ಈ ಬಿಸಿನೆಸ್ ಡಿಗ್ರಿ ಯಾಕೆ? ಬಿಎ ಮಾಡ್ಲಿ, ಬಿಎಡ್ ಮಾಡ್ಲಿ, ಇಲ್ಲಾ ಎಫ್‌ಡಿಎ ಬರೀಲಿ.’ ನಾನೂ ಬಿಎ ಮಾಡಿದವನೇ. ಕಾಮರ್ಸ್ ಅಂದ್ರೆ ಅಂಗಡಿ ಇದ್ದವರ ಮಕ್ಕಳು ಓದೋದು ಅಂತ ನಮ್ಮ ಮೇಷ್ಟ್ರು ಹೇಳಿದ್ರು, ನಾನು ನಂಬಿದೆ. ಬಿಎ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದ್ರೆ ಆ ಮೇಷ್ಟ್ರ ಮಾತು ನಂಬಿದ್ದಕ್ಕೆ ಇದೆ.

ಬಾಬಾಸಾಹೇಬರು ಮೊದಲು ಪ್ರೊಫೆಸರ್ ಆದದ್ದು ಎಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ಬಾಂಬೆಯ ಸಿಡೆನ್‌ಹ್ಯಾಂ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜಿನಲ್ಲಿ. 1918ರಿಂದ 1920ರವರೆಗೆ ಅಲ್ಲಿ ರಾಜಕೀಯ ಅರ್ಥಶಾಸ್ತ್ರ ಕಲಿಸಿದ್ರು. ಆ ಕಾಲೇಜಿನಲ್ಲೂ ಸಹೋದ್ಯೋಗಿಗಳು ಅವರು ತಮ್ಮ ಕೊಡದ ನೀರು ಮುಟ್ಟಬಾರದು ಅಂತ ತಕರಾರು ತೆಗೆದ್ರು. 1923ರಲ್ಲಿ ಲಂಡನ್ನಿನಲ್ಲಿ ಡಿ.ಎಸ್ಸಿ. ಪಡೆದದ್ದು ರೂಪಾಯಿಯ ಸಮಸ್ಯೆ ಮೇಲೆ ಬರೆದ ಪ್ರಬಂಧಕ್ಕೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದ್ರು, 1946ರಲ್ಲಿ ಸಿದ್ಧಾರ್ಥ ಕಾಲೇಜು. 1953ರಲ್ಲಿ ಅದೇ ಸಂಸ್ಥೆ ವಾಣಿಜ್ಯಕ್ಕೇ ಅಂತ ಪ್ರತ್ಯೇಕ ಸಿದ್ಧಾರ್ಥ ಕಾಲೇಜು ತೆರೀತು. ದುಡ್ಡು ಹೆಂಗೆ ಓಡಾಡುತ್ತೆ ಅಂತ ತಿಳಿಯದ ಜಾತಿ ಯಾವತ್ತೂ ಕೂಲಿಯಲ್ಲೇ ಇರಬೇಕಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ನಾವು ಅವರ ಕೈಯಲ್ಲಿರೋ ಸಂವಿಧಾನ ನೋಡ್ತೀವಿ, ಕೋಟಿನ ಜೇಬಿನ ಪೆನ್ನು ನೋಡ್ತೀವಿ. ಆ ಪೆನ್ನು ರೂಪಾಯಿ ಬಗ್ಗೆ ಬರೆದದ್ದನ್ನ ಓದಲ್ಲ.

ನಮ್ಮ ಜಿಲ್ಲೆ ನೋಡಿ. ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ, ಬಳ್ಳಾರಿ ಸಿಟಿಯಲ್ಲಿ ಜೀನ್ಸ್. ಇಷ್ಟು ವ್ಯಾಪಾರ ಇರೋ ಊರಿನಲ್ಲಿ ಚೀಲ ಹೊರೋರು ಯಾರು, ತೂಕದ ಚೀಟಿ ಬರೆಯೋರು ಯಾರು? ಹೊಲಿಗೆ ಮಷಿನ್ ಮುಂದೆ ಕೂತೋರು ಯಾರು, ಬಿಲ್ಲಿನ ಮೇಲೆ ಸಹಿ ಹಾಕೋರು ಯಾರು?

ಸರ್ಕಾರಿ ಕಾಮಗಾರಿ ಗುತ್ತಿಗೆಯಲ್ಲಿ ಎಸ್‌ಸಿಗೆ ಶೇ. 17.15, ಎಸ್‌ಟಿಗೆ ಶೇ. 6.95 ಮೀಸಲು ಇದೆ. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ ಒಂದು ಕೋಟಿಗೆ ಏರಿಸಿದ್ರು. ಒಳ್ಳೇದೇ. ಆದ್ರೆ ನಿಮ್ಮ ಊರಲ್ಲಿ ಎಷ್ಟು ಜನ ದಲಿತ ಗುತ್ತಿಗೆದಾರರು ಹೆಸರಿಗೆ ಮಾತ್ರ ಗುತ್ತಿಗೆದಾರರು, ಲೆಕ್ಕ ಬೇರೆಯವರ ಮನೆಯಲ್ಲಿ ಅಂತ ನೀವೇ ಎಣಿಸಿ. ಟೆಂಡರ್ ಫಾರಂ ಓದೋಕೆ, ಜಿಎಸ್‌ಟಿ ತುಂಬೋಕೆ, ಬ್ಯಾಂಕ್ ಗ್ಯಾರಂಟಿ ತರೋಕೆ ಬರದಿದ್ರೆ ಮೀಸಲಾತಿ ನಮ್ಮ ಹೆಸರಲ್ಲಿ, ಲಾಭ ಅವರ ಹೆಸರಲ್ಲಿ. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ದುಡ್ಡು ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋದದ್ದು ಬಯಲಾಯ್ತು. ಬಯಲಾದದ್ದು ಲೆಕ್ಕಪತ್ರ ಅಧೀಕ್ಷಕರೊಬ್ಬರು ಜೀವ ಕಳಕೊಂಡ ಮೇಲೆ. ನಮ್ಮ ಹೆಸರಿನ ದುಡ್ಡಿನ ಪುಸ್ತಕವನ್ನ ನಮ್ಮ ಸಮುದಾಯದ ಸಾವಿರ ಜನ ಓದಬಲ್ಲವರಾಗಿದ್ರೆ ಇಷ್ಟು ಸಲೀಸಾಗಿ ಆಗ್ತಿತ್ತಾ?

ಹಾಗಾಗಿ ಬಿ.ಕಾಂ. ಮಾಡ್ಲಿ, ಬಿಬಿಎ ಮಾಡ್ಲಿ, ಎಂಬಿಎ ಮಾಡ್ಲಿ. ಆದ್ರೆ ಮೊದಲ ಪಾಠ ಅಡ್ಮಿಷನ್ ಕೌಂಟರಿನಲ್ಲೇ ಶುರುವಾಗಲಿ. ಈ ವರ್ಷ ನಾನು ಮಕ್ಕಳಿಗೆ ಹೇಳ್ತಿರೋದು ಇದು. ನಾಲ್ಕೈದು ಕಡೆ ಅರ್ಜಿ ಹಾಕಿ, ಈ ಕ್ರಮದಲ್ಲಿ.

1. ಮೊದಲು ಸರ್ಕಾರಿ ಕಾಲೇಜು. ಬಳ್ಳಾರಿಯಲ್ಲಿ ಸರಳಾದೇವಿ ಕಾಲೇಜು ಅಂತ ನಾವು ಕರೆಯೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಸಿರುಗುಪ್ಪದಲ್ಲಿ ಇದೆ, ಕುರುಗೋಡಿನಲ್ಲಿ ಇದೆ. ನಿಮ್ಮ ಊರಿನ ಕಾಲೇಜಿನಲ್ಲಿ ಬಿ.ಕಾಂ. ಇದೆಯಾ, ಬಿಬಿಎ ಇದೆಯಾ, ಅದಕ್ಕೆ ಖಾಯಂ ಅಧ್ಯಾಪಕರು ಎಷ್ಟು ಜನ ಅಂತ ಹೋಗಿ ಕೇಳಿ. ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ.

2. ಆಮೇಲೆ ಅನುದಾನಿತ ಕಾಲೇಜು. ಬಳ್ಳಾರಿಯಲ್ಲಿ 1945ರಿಂದ ಇರೋ ಹಳೇ ಕಾಲೇಜೂ ಇದೆ. ಅನುದಾನಿತ ಅಂತ ಬೋರ್ಡಿದ್ರೂ ನೀವು ಸೇರೋ ಕೋರ್ಸು ಅನುದಾನದಲ್ಲಿದೆಯಾ ಅಂತ ಬೇರೆಯಾಗಿ ಕೇಳಿ. ಒಂದೇ ಕಟ್ಟಡದಲ್ಲಿ ಬಿ.ಕಾಂ. ಅನುದಾನಿತ, ಬಿಬಿಎ ಅನುದಾನರಹಿತ ಇರಬಹುದು. ಫೀಸು ಬೇರೆ ಬೇರೆ.

3. ಎಂಬಿಎ, ಎಂ.ಕಾಂ. ಮಾಡೋರು 2010ರಲ್ಲಿ ಶುರುವಾದ ನಮ್ಮದೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವನ್ನ ಮೊದಲು ನೋಡಿ. ಎಂಬಿಎಗೆ ಕೆಇಎ ನಡೆಸೋ ಪಿಜಿಸಿಇಟಿ ಬರೀರಿ. ಡಿಗ್ರಿಯಲ್ಲಿ ನಮಗೆ ಶೇ. 45 ಸಾಕು. ಸರ್ಕಾರಿ ಕೋಟಾದ ಸೀಟೇ ತಗೊಳ್ಳಿ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಕೇಂದ್ರದ ಸ್ಕಾಲರ್‌ಶಿಪ್ ಇಲ್ಲ. ಏಜೆಂಟ್ ‘ಸೀಟು ಪಕ್ಕಾ ಮಾಡ್ತೀನಿ’ ಅನ್ನೋದು ಹೆಚ್ಚಾಗಿ ಆ ಸೀಟನ್ನೇ.

4. 371ಜೆ ಮರೀಬೇಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು. ಅರ್ಹತಾ ಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ. ಅಡ್ಮಿಷನ್ ಶುರುವಾದ ಮೇಲೆ ಓಡಬೇಡಿ, ಈಗಲೇ ಮಾಡಿಸಿ. ಬೆಂಗಳೂರಿಗೆ ಹೋಗೋ ಆಸೆ ಇದ್ರೆ ಹಾಸ್ಟೆಲ್ ಸಿಗುತ್ತೆ ಅಂತ ಖಾತ್ರಿಯಾದ ಮೇಲೆ ಹೋಗಿ. ಅಲ್ಲಿ ಫೀಸಿಗಿಂತ ಪಿಜಿ ಬಾಡಿಗೆಯೇ ಜೀವ ಹಿಂಡೋದು.

5. ಮನೆ ನಡೆಸೋ ಜವಾಬ್ದಾರಿ ಇದ್ದು ಕೆಲಸ ಬಿಡೋಕಾಗಲ್ಲ ಅಂದ್ರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ., ಎಂಬಿಎ ಇದೆ. ಅದು ಕೀಳಲ್ಲ. ಜೀನ್ಸ್ ಹೊಲಿಯೋ ಆ ಹುಡುಗಿಗೆ ನಾನೀಗ ಅದನ್ನೇ ಹೇಳ್ತಿದ್ದೀನಿ. ಇನ್ನೂ ಹೂಂ ಅಂದಿಲ್ಲ.

6. ಖಾಸಗಿ ಕಾಲೇಜು ಕೊನೆಗೆ. ಸೇರಲೇಬೇಡಿ ಅಂತಿಲ್ಲ. ಆದ್ರೆ ಕೌಂಟರಿನಲ್ಲಿ ಈ ಪ್ರಶ್ನೆಗಳನ್ನ ಕೇಳಿ, ಉತ್ತರ ಬರೆಸ್ಕೊಳ್ಳಿ. ಮೂರು ವರ್ಷಕ್ಕೆ ಒಟ್ಟು ಎಷ್ಟು? ಸಮವಸ್ತ್ರ, ಟೂರು, ‘ಸ್ಕಿಲ್ ಟ್ರೇನಿಂಗು’ ಅಂತ ಬೇರೆ ಎಷ್ಟು? ಯಾವ ತಾರೀಖಿಗೆ ಎಷ್ಟು? ಸ್ಕಾಲರ್‌ಶಿಪ್ ಬರೋವರೆಗೆ ಕಾಯ್ತೀರಾ, ಹಾಲ್ ಟಿಕೆಟ್ ತಡೀತೀರಾ? ಫ್ರೀಶಿಪ್ ಕಾರ್ಡ್ ಒಪ್ತೀರಾ? ಬಿಬಿಎ ಆದ್ರೆ ಎಐಸಿಟಿಇ ಮಾನ್ಯತೆ ಪತ್ರ ಎಲ್ಲಿ? 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳೂ ಎಐಸಿಟಿಇ ಕೆಳಗೆ ಬಂದಿವೆ. ಬಾಯಿಮಾತಿನಲ್ಲಿ ಎಲ್ಲದಕ್ಕೂ ಹೂಂ ಅಂದು ಬರೆದುಕೊಡಿ ಅಂದ ಕೂಡಲೇ ‘ಸರ್ ಬಂದ ಮೇಲೆ ಬನ್ನಿ’ ಅಂದ್ರೆ, ಉತ್ತರ ಸಿಕ್ತು ಅಂತ ಎದ್ದು ಬನ್ನಿ.

ಇನ್ನೆರಡು ಮಾತು ನೆನಪಿಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರೂ ಇಟ್ಕೊಳ್ಳೋ ಹಾಗಿಲ್ಲ, ನೋಡಿ ವಾಪಸ್ ಕೊಡಬೇಕು. ಪ್ರವೇಶದ ಕೊನೇ ದಿನಕ್ಕೆ 15 ದಿನ ಮುಂಚೆ ಸೀಟು ಬಿಟ್ರೆ ಹೆಚ್ಚೆಂದರೆ 5,000 ಹಿಡಿದು ಉಳಿದ ಫೀಸು ವಾಪಸ್ ಕೊಡಬೇಕು. ಯುಜಿಸಿ 2018ರಲ್ಲಿ ಹೊರಡಿಸಿದ ಆದೇಶದಲ್ಲಿ ಎರಡೂ ಇವೆ. ನಿಗದಿಗಿಂತ ಹೆಚ್ಚು ವಸೂಲಿ ಮಾಡೋದನ್ನ ನಿಷೇಧಿಸಿದ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದ ಇದೆ. ಇದೆಲ್ಲ ನಡೆಯೋದು ರಸೀದಿ ಇದ್ರೆ. ಸಿರುಗುಪ್ಪದ ಆ ತಾಯಿಯ ಜೊತೆ ನಾವು ನಾಲ್ಕು ಜನ ಹೋಗಿ ಯುಜಿಸಿ ಆದೇಶ ಮುಂದಿಟ್ಟ ಮೇಲೆ ಮಾರ್ಕ್ಸ್ ಕಾರ್ಡ್ ವಾಪಸ್ ಬಂತು. ಐದು ಸಾವಿರ ಬರಲಿಲ್ಲ. ‘ರಸೀದಿ ತೋರ್ಸಿ’ ಅಂದ್ರು. ಹುಡುಗ ಈಗ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ.ಗೆ ಅರ್ಜಿ ಹಾಕಿದ್ದಾನೆ.

‘ಸರ್ಕಾರಿ ಕಾಲೇಜಿನಲ್ಲಿ ಪಾಠ ಎಲ್ಲಿ ನಡೆಯುತ್ತೆ ಸರ್?’ ಅಂತ ಕಮೆಂಟ್ ಬರುತ್ತೆ, ಗೊತ್ತು. ಬರೆಯೋರು ಬಹುತೇಕ ನಮ್ಮವರೇ, ಸರ್ಕಾರಿ ಕಾಲೇಜಿನಲ್ಲಿ ಓದಿ, ಸರ್ಕಾರಿ ನೌಕರಿ ಹಿಡಿದು, ಮಕ್ಕಳನ್ನ ಖಾಸಗಿಗೆ ಹಾಕಿದವರು. ನಿಮ್ಮ ಮಾತು ಸುಳ್ಳಲ್ಲ. ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೀತಿವೆ. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ತಿಂಗಳುಗಟ್ಟಲೆ ಬೀದಿಯಲ್ಲಿ ಕೂತಿದ್ರು. ಆಗ ಪಾಠ ನಿಂತದ್ದು ಯಾರ ಮಕ್ಕಳಿಗೆ? ಕಾಲೇಜು ಕೆಟ್ಟಿದೆ ಅಂತ ಬಿಟ್ಟು ಹೋದ್ರೆ ಇನ್ನಷ್ಟು ಕೆಡುತ್ತೆ. ಗಲಾಟೆ ಮಾಡೋ ಶಕ್ತಿ ಇರೋ ಅಪ್ಪ ಅಮ್ಮಂದಿರು ಖಾಸಗಿಗೆ ಹೋದ್ರು, ಉಳಿದದ್ದು ಮಾತಾಡೋಕೆ ಪುರುಸೊತ್ತಿಲ್ಲದ ಕೂಲಿಯವರ ಮಕ್ಕಳು. ಕೆಡದೆ ಇನ್ನೇನಾಗುತ್ತೆ?

ಇನ್ನು ಸರ್ಕಾರಗಳಿಗೆ. ಮೇಲ್ಜಾತಿ ಬಡವರಿಗೆ 2019ರಲ್ಲಿ ಮೀಸಲಾತಿ ತಂದಾಗ ಬಡತನದ ಗೆರೆ ವರ್ಷಕ್ಕೆ 8 ಲಕ್ಷ ಅಂದ್ರಿ. ಎಸ್‌ಸಿ ಮಗುವಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಕೇಂದ್ರದ ಗೆರೆ ಎರಡೂವರೆ ಲಕ್ಷ. ಆ ಗೆರೆ ಎಳೆದು ಹತ್ತು ವರ್ಷಕ್ಕೂ ಮೇಲಾಯ್ತು. ರಾಜ್ಯದ ಏಳನೇ ವೇತನ ಆಯೋಗದ ಮೇಲೆ ಅತಿ ಕಡಿಮೆ ಮೂಲ ವೇತನ 27,000. ಅಂದ್ರೆ ಕಸ ಗುಡಿಸೋ ಡಿ ಗ್ರೂಪ್ ನೌಕರನ ಮಗಳೂ ಆ ಗೆರೆಯ ಆಚೆ. 8 ಲಕ್ಷದವನು ಬಡವ, ಮೂರು ಲಕ್ಷದ ದಲಿತ ಶ್ರೀಮಂತ! ಇದು ಯಾವ ಕಾಲೇಜಿನ ಬಿ.ಕಾಂ. ಲೆಕ್ಕ? (ಆ ಗೆರೆ ದಾಟಿದವರು ರಾಜ್ಯದ ಬೇರೆ ಯೋಜನೆ ಏನಿದೆ ಅಂತ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳದೆ ಬಿಡಬೇಡಿ.)

ರಾಜ್ಯ ಸರ್ಕಾರಕ್ಕೆ. 2013ರಲ್ಲಿ ಎಸ್‌ಸಿಎಸ್‌ಪಿ/ಟಿಎಸ್‌ಪಿ ಕಾಯ್ದೆ ತಂದವರು ನೀವೇ, ನಾವು ನಿಮಗೆ ಸಿಹಿ ಹಂಚಿದ್ದೆವು. 2023-24ರಲ್ಲಿ ಅದೇ ದುಡ್ಡಿನಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ತಿರುಗಿಸಿದವರೂ ನೀವೇ. ಗ್ಯಾರಂಟಿಗೆ ನಾನು ವಿರೋಧಿ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸಿರುಗುಪ್ಪದ ಹೆಣ್ಣುಮಕ್ಕಳು ಬಿಟ್ಟಿ ಬಸ್ಸಿನಲ್ಲಿ ಬಳ್ಳಾರಿಗೆ ಕಾಲೇಜಿಗೆ ಬರ್ತಿದ್ದಾರೆ, ಕಣ್ಣಾರೆ ನೋಡ್ತೀನಿ, ಸಂತೋಷ ಆಗುತ್ತೆ. ಎಲ್ಲರಿಗೂ ಕೊಡೋದನ್ನ ಎಲ್ಲರ ಖಜಾನೆಯಿಂದ ಕೊಡಿ. ನಮ್ಮ ಮಕ್ಕಳ ಫೀಸಿನ ಗಂಟಿಗೆ ಕೈ ಹಾಕಬೇಡಿ.

ಜಿಲ್ಲಾಡಳಿತಕ್ಕೆ. ಗಣಿ ಹಣದ ಜಿಲ್ಲಾ ಖನಿಜ ಪ್ರತಿಷ್ಠಾನ ಬಳ್ಳಾರಿಯಲ್ಲಿದೆ. ಶಿಕ್ಷಣ ಅದರ ನಿಯಮದಲ್ಲೇ ಆದ್ಯತೆಯ ವಲಯ. ಹೊಸ ಯೋಜನೆ ಏನೂ ಬೇಡ. ಸ್ಕಾಲರ್‌ಶಿಪ್ ಬರೋವರೆಗೆ ಫೀಸು ಮುಂಗಡ ಕಟ್ಟೋ ಒಂದು ನಿಧಿ ಇಡಿ. ದುಡ್ಡು ಬಂದ ಮೇಲೆ ವಾಪಸ್ ಹೋಗುತ್ತೆ, ಮುಂದಿನ ವರ್ಷ ಇನ್ನೊಂದು ಮಗುವಿಗೆ ಆಗುತ್ತೆ. ಬಡ್ಡಿ ಉಳಿಯುತ್ತೆ. ಹಾಗೇ, ಫೀಸು ಬಾಕಿ ಅಂತ ಸ್ಕಾಲರ್‌ಶಿಪ್ ಅರ್ಜಿ ಹಾಕಿದ ಮಗುವಿನ ಹಾಲ್ ಟಿಕೆಟ್ ತಡೀಬಾರದು ಅಂತ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಹೊರಡಿಸಿ. ಒಂದೇ ಹಾಳೆ. ನಾನೇ ಟೈಪ್ ಮಾಡಿ ತಂದುಕೊಡ್ತೀನಿ.

ಕೊನೆಗೆ ನಮ್ಮ ಸಂಘಟನೆಗಳಿಗೆ, ನನ್ನನ್ನೂ ಸೇರಿಸಿ. ಏಪ್ರಿಲ್ 14ಕ್ಕೆ ಡಿಜೆಗೆ ಎಷ್ಟು ಖರ್ಚು ಮಾಡಿದ್ವಿ? ಹೂವಿನ ಹಾರಕ್ಕೆ, ಫ್ಲೆಕ್ಸಿಗೆ, ನೀಲಿ ಶಾಲಿಗೆ ಎಷ್ಟು? ಹಾಲ್ ಟಿಕೆಟ್ ಸಿಗದ ಹುಡುಗಿ ಫೋನ್ ಮಾಡಿದಾಗ ನಾನು ಮೆರವಣಿಗೆಯಲ್ಲಿದ್ದೆ ಅಂದೆನಲ್ಲ, ಅವತ್ತು ನನ್ನ ಕೈಯಲ್ಲಿದ್ದ ಬ್ಯಾನರ್ ಮೇಲೆ ‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ಬರೆದಿತ್ತು. ಶಿಕ್ಷಣ ಅನ್ನೋ ಪದ ಮೊದಲು ಇತ್ತು. ಆ ಶಿಕ್ಷಣವೇ ಫೋನಿನಲ್ಲಿ ಕರೀತಿತ್ತು, ನಾನು ಘೋಷಣೆ ಕೂಗ್ತಿದ್ದೆ.

ಅದಕ್ಕೆ ಈ ವರ್ಷ ನಾವು ಕೆಲವರು ಒಂದು ಟೇಬಲ್ ಹಾಕ್ತಿದ್ದೀವಿ. ಪ್ರತಿ ಭಾನುವಾರ ಬೆಳಿಗ್ಗೆ, ನಮ್ಮ ಓಣಿಯ ಅಂಬೇಡ್ಕರ್ ಭವನದ ಮುಂದೆ. ಭಾಷಣ ಇಲ್ಲ, ಹಾರ ಇಲ್ಲ. ಯುಯುಸಿಎಂಎಸ್ ಅರ್ಜಿ, ಎಸ್‌ಎಸ್‌ಪಿ ಅರ್ಜಿ, ಬ್ಯಾಂಕ್ ಖಾತೆ ಆಧಾರ್ ಜೋಡಣೆ ಆಗಿದೆಯಾ ಅಂತ ನೋಡೋದು, 371ಜೆ ಪತ್ರ, ಹಾಸ್ಟೆಲ್ ಅರ್ಜಿ. ಕಾಲೇಜಿಗೆ ಒಬ್ಬರೇ ಹೋಗೋಕೆ ಹೆದರೋ ತಾಯಿ ತಂದೆಯ ಜೊತೆ ಕೌಂಟರಿನವರೆಗೆ ಹೋಗೋಕೆ ಇಬ್ಬರು. ನಿಮ್ಮ ಊರಲ್ಲೂ ಹಾಕಿ. ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು. ಬಿ.ಕಾಂ. ಮಾಡಿದ ನಮ್ಮ ಹುಡುಗ ಹುಡುಗಿಯರನ್ನೇ ಕೂರಿಸಿ. ನನ್ನಂಥ ಬಿಎಯವರ ಲೆಕ್ಕ ಒಮ್ಮೆ ತಪ್ಪಿದೆ.

ಕೌಂಟರಿನಲ್ಲಿ ತಗ್ಗಿದ ದನಿಯಲ್ಲಿ ‘ಎಷ್ಟಾಗ್ತದ್ರಿ?’ ಅಂತ ಕೇಳೋದನ್ನ ನಮ್ಮ ಜನ ಇಷ್ಟು ವರ್ಷ ಮಾಡಿದ್ದಾರೆ. ಈ ಸಲ ತಲೆ ಎತ್ತಿ ಕೇಳಿ: ‘ಯಾವಾಗ ಕೇಳ್ತೀರಿ? ಬರೆದುಕೊಡಿ.’

ಮಾಹಿತಿ ಬೇಕಾದವರು ಕಮೆಂಟಿನಲ್ಲಿ ಊರ ಹೆಸರು ಹಾಕಿ, ನಾವೇ ಸಂಪರ್ಕಿಸ್ತೀವಿ. ಹಾಲ್ ಟಿಕೆಟ್ ತಡೆದಿದ್ದಾರೆ ಅಂದ್ರೆ ಕಮೆಂಟ್ ಬೇಡ, ನೇರ ಫೋನ್ ಮಾಡಿ. ಈ ಸಲ ಎತ್ತುತ್ತೀನಿ.

ಜೈ ಭೀಮ್.